ನೀವು ಕಾಣದಿದ್ದರೆ ಕೇಳುವವರು ಯಾರು?

(ರಾಜ್ಯೋತ್ಸವದ ತಿಂಗಳಲ್ಲಿ ಬಡಾವಣೆಯ ಕನ್ನಡ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಓದಿದ್ದು ಪಿಯುಸಿ. ಕೈಗೆ ಮಸಿ ಮೆತ್ತಿಕೊಂಡು ಹೊಟ್ಟೆ ಹೊರೆಯುವ ಪ್ರೆಸ್ಸಿನವನು. ನಿಮ್ಮ ಕರಪತ್ರ, ರಸೀದಿ ಪುಸ್ತಕ, ಆಹ್ವಾನ ಪತ್ರಿಕೆಗಳನ್ನು ಎಷ್ಟೋ ವರ್ಷದಿಂದ ಅಚ್ಚು ಹಾಕಿ ಕೊಟ್ಟಿದ್ದೇನೆ. ಆ ಸಲುಗೆಯಿಂದ ನಿಮ್ಮ ಹುಡುಗರು ಬಂದು, "ಅಣ್ಣಾ, ಈ ಸಲ ಬೇರೆ ಯಾರನ್ನೂ ಕರೆಯೋದಿಲ್ಲ, ನೀವೇ ನಾಲ್ಕು ಮಾತಾಡಿ" ಅಂದರು. ಏನು ಮಾತಾಡಲಿ ಎಂದು ಕೇಳಿದೆ. "ಊರು ಬಿಟ್ಟು ಒಬ್ಬರೇ ಬಂದವರ ಬಗ್ಗೆ ಹೇಳಿ, ಇಲ್ಲಿರೋರಲ್ಲಿ ಅರ್ಧ ಜನ ಹಾಗೇ ಬಂದವರು" ಎಂದರು. ಸರಿ, ಅದು ನನಗೆ ಗೊತ್ತಿರುವ ವಿಷಯ. ಒಪ್ಪಿಕೊಂಡೆ.

ನನ್ನ ಜೇಬಿನಲ್ಲಿ ಒಂದು ಕರಪತ್ರವಿದೆ. ಮೊದಲು ಅದನ್ನು ಓದುತ್ತೇನೆ, ಕೇಳಿ. ಹೆಸರು, ಊರು ಓದುವುದಿಲ್ಲ.

"ಕಾಣೆಯಾಗಿದ್ದಾನೆ. ವಯಸ್ಸು 22. ಎತ್ತರ ಐದೂವರೆ ಅಡಿ. ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಕನ್ನಡ ಮಾತನಾಡುತ್ತಾನೆ. ಕಂಡವರು ದಯವಿಟ್ಟು ತಿಳಿಸಿ."

ಇಷ್ಟೇ. 2023ರ ಮಳೆಗಾಲದಲ್ಲಿ ಉತ್ತರ ಕರ್ನಾಟಕದ ಒಬ್ಬ ರೈತ ಇದನ್ನು ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದರು. ತಲೆಗೆ ಟವೆಲು, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಮಗನ ಕಾಲೇಜಿನ ಐಡಿ ಕಾರ್ಡು. ಅದರಲ್ಲಿದ್ದ ಫೋಟೋ ಬಿಟ್ಟರೆ ಬೇರೆ ಫೋಟೋ ಇರಲಿಲ್ಲ.

"ನನ್ನ ಮಗ ರೀ. ಹದಿನೈದು ದಿನಾ ಆತು, ಫೋನ್ ಹತ್ತವಲ್ದು" ಎಂದರು.

ನಾನೂ ಆ ಕಡೆಯವನೇ. ಕೂರಿಸಿ ನೀರು ಕೊಟ್ಟು ಕೇಳಿದೆ, "ಎಲ್ಲಿ ಇರ್ತಿದ್ದ ರೀ?"

"ಪೀಜಿಯೊಳಗ ರೀ."

"ಯಾವ ಏರಿಯಾ?"

"ಅದೇನೋ ಹಳ್ಳಿ ಅಂತಿದ್ದ ರೀ. ಇಲ್ಲಿ ಬಂದು ನೋಡಿದ್ರ ಎಲ್ಲಾನೂ ಹಳ್ಳಿನ ಅದಾವ."

ನಗು ಬರುವ ಮಾತು. ಆದರೆ ಆ ಮುಖ ನೋಡಿ ನಗುವುದಕ್ಕೆ ಆಗಲಿಲ್ಲ. ಮಾರತಹಳ್ಳಿಯೋ, ಬೊಮ್ಮನಹಳ್ಳಿಯೋ, ಕಾಡುಬೀಸನಹಳ್ಳಿಯೋ, ಆ ತಂದೆಗೆ ಗೊತ್ತಿಲ್ಲ. ಯಾವ ಕಂಪನಿ? ಗೊತ್ತಿಲ್ಲ. ಜೊತೆಗಿದ್ದವರು ಯಾರು? ಗೊತ್ತಿಲ್ಲ. ಒಬ್ಬ ಗೆಳೆಯನ ನಂಬರಾದರೂ? ಇಲ್ಲ. ಎರಡು ವರ್ಷ ಮಗ ಈ ಊರಿನಲ್ಲಿದ್ದ. ತಿಂಗಳಿಗೆ ನಾಲ್ಕು ಸಲ ಫೋನ್ ಮಾಡುತ್ತಿದ್ದ. "ಆರಾಮ ಅದೀನಿ" ಅನ್ನುತ್ತಿದ್ದ. ಆ ಒಂದು ಮಾತಿನ ಹೊರತು ಮಗನ ಬದುಕಿನ ಬಗ್ಗೆ ಮನೆಯವರ ಹತ್ತಿರ ಬೇರೇನೂ ಇರಲಿಲ್ಲ.

ಗೆಳೆಯರೇ, ಈಗ ನಾನು ನಿಮ್ಮನ್ನು ಕೇಳುತ್ತೇನೆ. ನಾಳೆ ನೀವು ಕಾಣದಿದ್ದರೆ ನಿಮ್ಮ ಅಪ್ಪ ನನ್ನ ಪ್ರೆಸ್ಸಿಗೆ ಬಂದು ಏನು ಹೇಳಬಲ್ಲರು? ಒಮ್ಮೆ ಯೋಚಿಸಿ.

ನಾನು ಈ ಊರಿಗೆ ಬಂದದ್ದು 1998ರ ಜೂನ್‌ನಲ್ಲಿ. ಹಾವೇರಿ ಜಿಲ್ಲೆ, ಹಿರೇಕೆರೂರು ತಾಲ್ಲೂಕು. ಪಿಯುಸಿ ಆಗಿತ್ತು, ಮುಂದೆ ಓದಿಸುವ ಶಕ್ತಿ ಅಪ್ಪನಿಗೆ ಇರಲಿಲ್ಲ. ರಾತ್ರಿ ಬಸ್ಸು ಹತ್ತಿದೆ. ಒಂದು ತಗಡಿನ ಟ್ರಂಕು, ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ, ಬನಿಯನ್ನಿನ ಒಳಜೇಬಿನಲ್ಲಿ 350 ರೂಪಾಯಿ. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದೆ. ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಪರಿಚಯದವರು ಬರಲಿಲ್ಲ. ಹತ್ತು ಗಂಟೆಯವರೆಗೂ ಟ್ರಂಕಿನ ಮೇಲೆ ಕುಳಿತಿದ್ದೆ. ಸಾವಿರಾರು ಜನ ಮುಂದೆ ಹಾದು ಹೋದರು. ಒಬ್ಬರೂ ನೀನು ಯಾರ ಮಗ ಎಂದು ಕೇಳಲಿಲ್ಲ. ಹಳ್ಳಿಯಲ್ಲಿ ಬೆಳೆದವನಿಗೆ ಇದು ದೊಡ್ಡ ಪೆಟ್ಟು. ಊರಲ್ಲಿ ಹತ್ತು ಹೆಜ್ಜೆ ನಡೆದರೆ ಹತ್ತು ಜನ ಕೇಳುತ್ತಾರೆ, "ಎಲ್ಲಿಗೆ ಹೊಂಟಿ?" ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು. ಆ ಪ್ರಶ್ನೆ ಒಂದು ಬೇಲಿಯ ಹಾಗೆ ನಮ್ಮನ್ನು ಕಾಯುತ್ತಿತ್ತು ಎಂದು ತಿಳಿದದ್ದು ಮೆಜೆಸ್ಟಿಕ್‌ನಲ್ಲಿ.

ಕಾಟನ್‌ಪೇಟೆಯ ಕಡೆ ನಡೆದು, ಬೋರ್ಡು ಕಂಡ ಕಡೆಯೆಲ್ಲ ಕೇಳಿ, ಮೂರನೇ ದಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ಕಾಗದ ಹೊರುವುದು, ಮಷೀನು ಒರೆಸುವುದು, ಟೀ ತರುವುದು. ಆಗಿನ್ನೂ ಸಣ್ಣ ಪ್ರೆಸ್ಸುಗಳಲ್ಲಿ ಸೀಸದ ಮೊಳೆ ಜೋಡಿಸಿ ಟ್ರೆಡಲ್ ಮೇಲೆ ಬಿಲ್ ಬುಕ್ಕು, ಲಗ್ನಪತ್ರಿಕೆ ಹೊಡೆಯುತ್ತಿದ್ದರು. ಮಲಗುವುದು ಪ್ರೆಸ್ಸಿನ ಅಟ್ಟದ ಮೇಲೆ, ಕಾಗದದ ರೀಮುಗಳ ನಡುವೆ.

ಅಲ್ಲಿ ನನಗೆ ಆದ ಮೊದಲ ಕಷ್ಟ ಹಸಿವಿನದಲ್ಲ, ನಾಲಿಗೆಯದು. ನಾನು ಬಾಯಿ ಬಿಟ್ಟರೆ ನಗುತ್ತಿದ್ದರು. "ಹೋಗೂಣು", "ಬರ್ತೇನ್ರಿ" ಅಂದರೆ ಅದನ್ನೇ ಎಳೆದು ಎಳೆದು ಅನ್ನುತ್ತಿದ್ದರು. ಕನ್ನಡ ನಾಡಿನ ರಾಜಧಾನಿಯಲ್ಲಿ, ಕನ್ನಡಿಗರ ನಡುವೆ, ಕನ್ನಡ ಆಡಿ ನಗೆಪಾಟಲಾದೆ ಸ್ವಾಮಿ! ಅವರಿಗೆ ತಮಾಷೆ. ನನಗೆ ಮಾತ್ರ ಬಾಯಿ ಕಟ್ಟಿತು. ಮೂರು ತಿಂಗಳು ಹೌದು, ಇಲ್ಲ ಎನ್ನುವುದು ಬಿಟ್ಟರೆ ಹೆಚ್ಚು ಮಾತಾಡಲಿಲ್ಲ. ಮಾತಾಡದವನಿಗೆ ಗೆಳೆಯರು ಎಲ್ಲಿಂದ ಬರುತ್ತಾರೆ? ಮನೆಗೆ ಬರೆದ ಇನ್‌ಲ್ಯಾಂಡ್ ಲೆಟರಿನಲ್ಲಿ ಮಾತ್ರ "ನಾನು ಕ್ಷೇಮ, ನನ್ನ ಬಗ್ಗೆ ಚಿಂತಿ ಮಾಡಬ್ಯಾಡ್ರಿ" ಎಂದು ಬರೆಯುತ್ತಿದ್ದೆ. ಆ ತಂದೆಗೆ ಮಗ ಹೇಳುತ್ತಿದ್ದ "ಆರಾಮ ಅದೀನಿ" ಎಂಬ ಮಾತಿನ ಅಣ್ಣ ಅದು!

1999ರ ದಸರೆ. ಆಯುಧಪೂಜೆ ಮಾಡಿ ಮಾಲೀಕರು ಪ್ರೆಸ್ಸಿಗೆ ನಾಲ್ಕು ದಿನ ರಜೆ ಕೊಟ್ಟರು. ನನಗೆ ಜ್ವರ ಬಂತು. ಸಾಧಾರಣ ಜ್ವರ ಎಂದುಕೊಂಡು ಅಟ್ಟದ ಮೇಲೆ ಮಲಗಿದೆ. ಎರಡನೇ ದಿನಕ್ಕೆ ಏಳಲು ಆಗಲಿಲ್ಲ. ಕೆಳಗಿಳಿದು ನೀರು ಕುಡಿಯುವ ತ್ರಾಣವಿಲ್ಲ. ಶಟರು ಅರ್ಧ ಎಳೆದಿದೆ. ಹೊರಗೆ ಊರೆಲ್ಲ ಹಬ್ಬ.

ನಮ್ಮ ಎದುರಿನ ಗಲ್ಲಿಯಲ್ಲಿ ಬೈಂಡಿಂಗ್ ಮಾಡುವ ಒಬ್ಬ ಭಾಯಿ ಇದ್ದರು. ಮನೆಮಾತು ಉರ್ದು, ಆದರೆ ಪೇಟೆಯ ಅಚ್ಚ ಕನ್ನಡ ಆಡುತ್ತಿದ್ದರು. ದಿನಾ ಸಂಜೆ ಒಂದೇ ಟೀ ಅಂಗಡಿಯಲ್ಲಿ ಪಕ್ಕಪಕ್ಕ ನಿಂತು ಟೀ ಕುಡಿಯುತ್ತಿದ್ದೆವು. ಸ್ನೇಹ ಅಂತಲೂ ಹೇಳುವಂತಿಲ್ಲ, "ಏನ್ ಮರಿ, ಚೆನ್ನಾಗಿದ್ದೀಯಾ?" ಅಷ್ಟೇ ಮಾತು. ಆ ದಿನ ಸಂಜೆ ಶಟರು ಬಡಿದ ಸದ್ದಾಯಿತು. ಭಾಯಿ ಅಟ್ಟ ಹತ್ತಿ ಬಂದು ಹಣೆ ಮುಟ್ಟಿ ನೋಡಿ ಆಟೋದಲ್ಲಿ ಹಾಕಿಕೊಂಡು ವಿಕ್ಟೋರಿಯಾ ಆಸ್ಪತ್ರೆಗೆ ಕರೆದೊಯ್ದರು. ಟೈಫಾಯಿಡ್. ಆಮೇಲೆ ಹತ್ತು ದಿನ ಅವರ ಮನೆಯಿಂದ ಗಂಜಿ ಬಂತು.

ಗುಣವಾದ ಮೇಲೆ ಕೇಳಿದೆ, "ನನಗೆ ಹುಷಾರಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಭಾಯಿ?"

"ನೀನು ಎರಡು ದಿನ ಟೀಗೆ ಬರಲಿಲ್ಲವಲ್ಲ" ಎಂದರು.

ಗೆಳೆಯರೇ, ನನ್ನ ಜೀವ ಉಳಿದದ್ದು ಒಂದು ಟೀಯಿಂದ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಒಬ್ಬ ಮನುಷ್ಯನ ಕಣ್ಣಿಗೆ ಬೀಳುತ್ತಿದ್ದೆ. ಬೀಳದಿದ್ದ ದಿನ ಅವನು ಹುಡುಕಿಕೊಂಡು ಬಂದ. ಹೊಸ ಊರಿಗೆ ಒಬ್ಬರೇ ಬರುವವರಿಗೆ ನಾನು ಹೇಳುವ ಮಾತೆಲ್ಲ ಇದರೊಳಗೇ ಇದೆ. ರೂಮು, ಕೆಲಸ, ಸಂಬಳ ಎಲ್ಲ ಬೇಕು ನಿಜ. ಆದರೆ ಅದಕ್ಕೂ ಮೊದಲು, ನೀವು ಒಂದು ದಿನ ಕಾಣದಿದ್ದರೆ "ಎಲ್ಲಿ ಹೋದ ಇವನು?" ಎಂದು ಕೇಳುವ ಒಬ್ಬರನ್ನು ಸಂಪಾದಿಸಿಕೊಳ್ಳಿ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಈ ಊರು ಹುಟ್ಟಿದ್ದೇ ಹೊರಗಿನಿಂದ ಬಂದವರಿಂದ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ, ಬೇರೆ ಬೇರೆ ಕಸುಬಿನವರನ್ನು ಕರೆಸಿ ಪೇಟೆಗಳನ್ನು ಮಾಡಿದರು. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬಂದವನು ತನ್ನ ಕಸುಬಿನವರ ನಡುವೆ ಇಳಿಯುತ್ತಿದ್ದ. ಅವನು ಯಾರು ಎಂದು ಆ ಬೀದಿಗೆ ಗೊತ್ತಿರುತ್ತಿತ್ತು.

ಓದಲು ಬಂದ ಬಡ ಹುಡುಗರಿಗೆ ವಾರಾನ್ನ ಇತ್ತು. ವಾರದ ಏಳು ದಿನ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಎಷ್ಟೋ ಜನ ಹಾಗೆ ಉಂಡು ಓದಿ ದೊಡ್ಡವರಾದರು. ಅದರಲ್ಲಿ ಜಾತಿಯ ಬೇಲಿ ಇತ್ತು, ಅವಮಾನವೂ ಇತ್ತು. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಸೋಮವಾರದ ಮನೆಗೆ ಹುಡುಗ ಬರದಿದ್ದರೆ ಸೋಮವಾರದ ಮನೆಯಾಕೆ ಕೇಳುತ್ತಿದ್ದಳು, "ಇವತ್ತು ಯಾಕೆ ಬರಲಿಲ್ಲ?" ರೈಲು ನಿಲ್ದಾಣದ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ ನಿಂತು ನೂರು ವರ್ಷದ ಮೇಲಾಯಿತು. ಗೊತ್ತುಗುರಿಯಿಲ್ಲದೆ ಬಂದಿಳಿದವನಿಗೆ ಒಂದು ನೆಲೆ ಬೇಕೆಂದು ಒಬ್ಬ ವ್ಯಾಪಾರಸ್ಥರು ತಮ್ಮ ಸಂಪಾದನೆ ಹಾಕಿ ಕಟ್ಟಿಸಿದ್ದು.

ಎಚ್. ನರಸಿಂಹಯ್ಯನವರ ಹೆಸರು ಕೇಳಿದ್ದೀರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. 1930ರ ದಶಕದಲ್ಲಿ ಹೈಸ್ಕೂಲು ಓದಲು, ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದರು. ಬಂದು ಸೇರಿದ್ದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಬಂತು. ಇಷ್ಟಾದರೂ ಅವರು ಕಾಲೇಜಿನ ಹಾಸ್ಟೆಲಿನ ಕೋಣೆ ಬಿಟ್ಟು ಬಂಗಲೆಗೆ ಹೋಗಲಿಲ್ಲ. ಹುಡುಗರ ನಡುವೆಯೇ ಇದ್ದರು. ಒಂಟಿಯಾಗಿ ಬಂದ ಮನುಷ್ಯ, ಕೊನೆತನಕ ಒಂಟಿಯಾಗಿ ಬದುಕಲಿಲ್ಲ. ಅವರ ಬದುಕಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ.

ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಹೋದ ಕತೆಯೂ ಹಾಗೆಯೇ. ಹಗಲು ಹೋಟೆಲಿನಲ್ಲಿ ಟೇಬಲ್ಲು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆ ಶಾಲೆ ಅಕ್ಷರ ಕಲಿಸಿತು, ಜೊತೆಗೆ ದಿನಾ ಹಾಜರಿ ಕರೆಯಿತು. ಹೆಸರು ಕೂಗಿದಾಗ "ಬಂದಿದ್ದೇನೆ ಸಾರ್" ಎಂದು ಹೇಳುವ ಒಂದು ಜಾಗ ಆ ದೊಡ್ಡ ಊರಿನಲ್ಲಿ ಅವರಿಗಿತ್ತು.

ಇವತ್ತು ಏನಾಗಿದೆ? ಪೀಜಿಯಲ್ಲಿ ಒಂದು ಕೋಣೆಗೆ ಮೂರು ಮಂಚ. ಒಬ್ಬನದು ಹಗಲು ಪಾಳಿ, ಒಬ್ಬನದು ರಾತ್ರಿ ಪಾಳಿ. ಪಕ್ಕದ ಮಂಚದವನ ಪೂರ್ತಿ ಹೆಸರು ಗೊತ್ತಿಲ್ಲ. ಊಟ ಬಾಗಿಲಿಗೆ ಬರುತ್ತದೆ, ತಂದವನ ಮುಖ ನೋಡುವುದಿಲ್ಲ. ಫೋನಿನಲ್ಲಿ ಸಾವಿರ ನಂಬರು. ಜ್ವರ ಬಂದ ರಾತ್ರಿ ಯಾರಿಗೆ ಮಾಡಬೇಕು ಎಂದರೆ ಒಂದೂ ಹೊಳೆಯುವುದಿಲ್ಲ! ನನ್ನ ಪ್ರೆಸ್ಸಿನಲ್ಲೇ ಡಿಟಿಪಿ ಮಾಡುವ ಹುಡುಗನೊಬ್ಬ ಡೆಂಗಿ ಬಂದು ಮೂರು ದಿನ ಕೋಣೆಯಲ್ಲಿ ಒಬ್ಬನೇ ಮಲಗಿದ್ದ. ಕೆಲಸಕ್ಕೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿರಬೇಕು ಎಂದುಕೊಂಡು ಸುಮ್ಮನಿದ್ದವನು ನಾನೇ. ಭಾಯಿಯ ಗಂಜಿ ಕುಡಿದು ಬದುಕಿದ ನಾನೇ! ಹುಡುಗ ಉಳಿದುಕೊಂಡ, ಆದರೆ ನನ್ನ ತಪ್ಪನ್ನು ನಾನು ಮರೆತಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ. ಹೇಳದೆ ಕೇಳದೆ ಯಾರಾದರೂ ಬರದಿದ್ದರೆ ಮಧ್ಯಾಹ್ನದೊಳಗೆ ಒಬ್ಬರು ಹೋಗಿ ಬಾಗಿಲು ಬಡಿಯಬೇಕು.

ಈಗ ಕೆಲವು ಕೆಲಸದ ಮಾತು. ಹೊಸದಾಗಿ ಬಂದವರು ಗಮನವಿಟ್ಟು ಕೇಳಿ.

ಒಂದು: ಮನೆಗೆ "ಆರಾಮ" ಎಂಬ ಮಾತಿನ ಜೊತೆ ವಿಳಾಸವನ್ನೂ ಕೊಡಿ. ಕೋಣೆಯ ವಿಳಾಸ, ಕೆಲಸದ ಜಾಗ, ಜೊತೆಗಿರುವ ಇಬ್ಬರ ಹೆಸರು, ನಂಬರು. ಕಾಗದದ ಮೇಲೆ ಬರೆದು, ಅವ್ವ ದೇವರ ಫೋಟೋದ ಹಿಂದೆ ಸಿಕ್ಕಿಸಲಿ. ಕೋಣೆ ಬದಲಾಯಿಸಿದರೆ ಅದನ್ನೂ ಬದಲಾಯಿಸಿ. ಇದಕ್ಕೆ ಐದು ನಿಮಿಷ ಸಾಕು.

ಎರಡು: ಕೆಲಸ ಕೊಡಿಸುತ್ತೇನೆ, ಮೊದಲು ದುಡ್ಡು ಕಟ್ಟು ಎನ್ನುವವನನ್ನು ನಂಬಬೇಡಿ. ಕೆಲಸ ಕೊಡುವವನು ನಿಮಗೆ ಸಂಬಳ ಕೊಡಬೇಕೇ ಹೊರತು ನೀವು ಅವನಿಗೆ ಕೊಡುವುದಲ್ಲ. ಮೂಲ ಮಾರ್ಕ್ಸ್ ಕಾರ್ಡು ಯಾರ ಕೈಗೂ ಕೊಟ್ಟು ಬರಬೇಡಿ, ಜೆರಾಕ್ಸ್ ಕೊಡಿ. ಮೂಲ ಪ್ರತಿ ಇಟ್ಟುಕೊಂಡು ಆಟ ಆಡಿಸುವವರನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಮೂರು: ಬಾಡಿಗೆಯ ಕರಾರು ಓದಿ ಸಹಿ ಹಾಕಿ. 11 ತಿಂಗಳ ಕರಾರೇ ಯಾಕೆ ಎಂದು ಎಷ್ಟು ಜನಕ್ಕೆ ಗೊತ್ತು? ಒಂದು ವರ್ಷ ಮೀರಿದ ಗುತ್ತಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳು. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಇವು ಮೂರೂ ಬರವಣಿಗೆಯಲ್ಲಿರಲಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ. ರಸೀದಿ ಪುಸ್ತಕ ಬೇಕಿದ್ದರೆ ಅಚ್ಚು ಹಾಕಿಕೊಡಲು ನಾನಿದ್ದೇನೆ!

ನಾಲ್ಕು: ದುಡ್ಡು ಮುಗಿದರೆ ಉಪವಾಸ ಬೀಳಬೇಡಿ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟದ್ದು ನಮ್ಮ ನಿಮ್ಮಂಥವರಿಗಾಗಿಯೇ. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಅವಮಾನವಲ್ಲ. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಸಾಲ ಕೊಡುವವರ ಬಲೆಗೆ ಬೀಳುವುದಕ್ಕಿಂತ ಆ ಸಾಲು ಸಾವಿರ ಪಾಲು ಮೇಲು.

ಐದು: ಕೆಲಸ ಹೋದರೆ ಮೊದಲು ಮನೆಗೆ ಹೇಳಿ. ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ಮನಸ್ಸು ಕುಗ್ಗಿ ಬೇಡದ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತುರ್ತಿಗೆ 112, ಆಂಬುಲೆನ್ಸಿಗೆ 108. ಜೊತೆಯವನು ಕಾಣೆಯಾದರೆ 24 ಗಂಟೆ ಕಾಯಬೇಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಂಥ ನಿಯಮ ಕಾನೂನಿನಲ್ಲಿ ಇಲ್ಲ. ತಕ್ಷಣ ಠಾಣೆಗೆ ಹೋಗಿ ದೂರು ಕೊಡಿ.

ಆರು: ನಿಮ್ಮ ಊರಿನ ಕನ್ನಡವನ್ನು ಬಚ್ಚಿಡಬೇಡಿ. ಕಲಬುರಗಿಯದಾಗಲಿ, ಕುಂದಾಪುರದ್ದಾಗಲಿ, ಚಾಮರಾಜನಗರದ್ದಾಗಲಿ, ಬಾಯಿ ಬಿಟ್ಟು ಆಡಿ. ನಗುವವರು ನಾಲ್ಕು ದಿನ ನಗುತ್ತಾರೆ. ಐದನೇ ದಿನ ಆ ಮಾತು ಕೇಳಿಯೇ "ನೀವು ನಮ್ಮ ಕಡೆಯವರಾ?" ಎಂದು ಯಾರೋ ತಿರುಗಿ ನೋಡುತ್ತಾರೆ. ನನಗೆ ಮೊದಲ ಗೆಳೆಯ ಸಿಕ್ಕಿದ್ದು ಹಾಗೆ.

ಇನ್ನು ಇಲ್ಲೇ ಹುಟ್ಟಿ ಬೆಳೆದ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಇದು ನಿಮ್ಮ ಊರು. ನಾಡಿನ ಮೂಲೆಮೂಲೆಯಿಂದ ಇಲ್ಲಿಗೆ ಬಂದಿಳಿಯುವ ಹುಡುಗ, ಹುಡುಗಿ ನಿಮ್ಮ ಮನೆಗೆ ಬಂದ ನೆಂಟರು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುತ್ತೀರಿ, ಕಟ್ಟಿ, ನನಗೂ ಹೆಮ್ಮೆ. ಆದರೆ ನಿಮ್ಮ ಬೀದಿಯ ಪೀಜಿಯಲ್ಲಿ ಎಷ್ಟು ಜನ ಇದ್ದಾರೆ, ಯಾವ ಊರಿನವರು, ಒಮ್ಮೆ ಹೋಗಿ ಕೇಳಿದ್ದೀರಾ? ತಿಂಗಳಿಗೊಂದು ಭಾನುವಾರ ಅವರನ್ನು ನಿಮ್ಮ ಮೈದಾನಕ್ಕೆ, ನಿಮ್ಮ ಸಂಘದ ಕೋಣೆಗೆ ಕರೆಯಿರಿ. ಒಂದು ಹಾಜರಿ ಪುಸ್ತಕ ಇಡಿ. ಹೆಸರು, ಊರು, ನಂಬರು, ರಕ್ತದ ಗುಂಪು. ಅದನ್ನು ನಾನು ಪುಕ್ಕಟೆ ಅಚ್ಚು ಹಾಕಿ ಬೈಂಡ್ ಮಾಡಿಸಿ ಕೊಡುತ್ತೇನೆ. ಇದು ಈ ವೇದಿಕೆಯ ಮೇಲೆ ಕೊಟ್ಟ ಮಾತು.

ಬೇರೆ ರಾಜ್ಯದಿಂದ ಬಂದ ಹುಡುಗನನ್ನೂ ಆ ಪುಸ್ತಕದಿಂದ ಬಿಡಬೇಡಿ. ಅವನಿಗೂ ಒಬ್ಬ ತಾಯಿ ಇದ್ದಾಳೆ, ಅವಳಿಗೂ ಅವನು "ಆರಾಮ" ಎಂದೇ ಹೇಳಿರುತ್ತಾನೆ. ಜ್ವರ ಬಂದಾಗ ಬಾಗಿಲು ಬಡಿದು ನೋಡಿದವನ ಭಾಷೆಯನ್ನು ಯಾರೂ ಬೇಡ ಅನ್ನುವುದಿಲ್ಲ. ಕನ್ನಡ ಕಲಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗಂತೂ ಗೊತ್ತಿಲ್ಲ.

ಕೊನೆಗೆ ಆ ತಂದೆಯ ಕತೆ. ಐನೂರು ಕರಪತ್ರ ಹಾಕಿಕೊಟ್ಟೆ. ಪೊಲೀಸ್ ದೂರು ಕೊಡಿಸಿದೆವು. ಅವರು ಆರು ದಿನ ಮೆಜೆಸ್ಟಿಕ್, ಮಾರ್ಕೆಟ್ಟು, ಕಲಾಸಿಪಾಳ್ಯ ಸುತ್ತಿ, ಒಂದೊಂದು ಹೋಟೆಲಿನ ಗಲ್ಲಾದಲ್ಲೂ ಒಂದೊಂದು ಕರಪತ್ರ ಕೊಟ್ಟರು. ಏಳನೇ ದಿನ ಒಬ್ಬ ಹೋಟೆಲಿನವರು ಫೋನ್ ಮಾಡಿದರು. ಹುಡುಗ ಅವರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಕಂಪನಿಯಲ್ಲಿ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಮೊಬೈಲಿನಲ್ಲಿ ಸಾಲ ಮಾಡಿದ್ದ. ವಸೂಲಿಯವರ ಕಾಟಕ್ಕೆ ಫೋನು ಮಾರಿದ್ದ. ಯಾವ ಮುಖ ಇಟ್ಟುಕೊಂಡು ಮನೆಗೆ ಹೇಳಲಿ ಎಂದು ಸುಮ್ಮನಾಗಿದ್ದ.

ತಂದೆ ಮಗ ಇಬ್ಬರೂ ಪ್ರೆಸ್ಸಿಗೆ ಬಂದರು. ಉಳಿದ ಕರಪತ್ರ ವಾಪಸ್ ಕೊಡಲು ಬಂದದ್ದಂತೆ! ಹುಡುಗ ತಲೆ ಎತ್ತಲಿಲ್ಲ. ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. ಮಗನ ಬೆನ್ನ ಮೇಲೆ ಕೈಯಿಟ್ಟು ಒಂದೇ ಮಾತು ಕೇಳಿದರು.

"ಕೆಲಸ ಹೋದ್ರ ಹೋಗ್ಲಿ, ನೀ ಯಾಕ ಹೋದ್ಯೋ?"

ನಮ್ಮ ಪ್ರೆಸ್ಸಿನಲ್ಲಿ ಮಷೀನು ನಿಂತಿತ್ತು. ಯಾರೂ ಮಾತಾಡಲಿಲ್ಲ.

ಇಂಥ ಕರಪತ್ರ ಹಾಕಿಸಿದ ಎಲ್ಲ ತಂದೆ ತಾಯಿಯರೂ ಹೀಗೆ ಮಗನನ್ನು ಕರೆದುಕೊಂಡು ಮತ್ತೆ ನನ್ನ ಪ್ರೆಸ್ಸಿಗೆ ಬಂದಿಲ್ಲ. ಅದಕ್ಕೇ ಈ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಪ್ರೆಸ್ಸಿನವನು, ಬಂದ ಕೆಲಸ ಬೇಡ ಎನ್ನುವವನಲ್ಲ. ನಿಮ್ಮ ಅಂಗಡಿಯ ಬಿಲ್ ಬುಕ್ಕು ತನ್ನಿ, ಮದುವೆಯ ಲಗ್ನಪತ್ರಿಕೆ ತನ್ನಿ, ಸಂತೋಷದಿಂದ ಅಚ್ಚು ಹಾಕಿಕೊಡುತ್ತೇನೆ. ಈ ಒಂದು ಕೆಲಸ ಮಾತ್ರ ನನಗೆ ತರಬೇಡಿ.

ಇವತ್ತು ಮನೆಗೆ ಹೋಗುವ ಮುಂಚೆ ನಿಮ್ಮ ಎಡಕ್ಕೆ ಕುಳಿತವರ ಹೆಸರು, ಊರು ಕೇಳಿಕೊಂಡು ಹೋಗಿ. ನಾಳೆ ಸಂಜೆ ಅವರ ಜೊತೆ ಒಂದು ಟೀ ಕುಡಿಯಿರಿ. ಅಷ್ಟು ಮಾಡಿದರೆ ಈ ಪ್ರೆಸ್ಸಿನವನ ಮಾತು ಸಾರ್ಥಕ.